ಟಪಟಪ ಸರ್ ಮತ್ತು ಗೋಡೆಯ ಮೇಲಿನ ನಿಂಬೆಹಣ್ಣು

ಅಕ್ಷತಾ, ಪವನ, ಇಬ್ಬರೂ ಒಂದು ಕಡೆ ಕೂತು ಇದನ್ನು ಓದಿರಿ. ಮೊನ್ನೆ ಕಾಂಪೌಂಡ್ ಗೋಡೆಯ ಮೇಲಿದ್ದ ನಿಂಬೆಹಣ್ಣನ್ನು ತೆಗೆದು ನೀವು ಶರಬತ್ತು ಮಾಡಿದಿರಿ. ನನಗೂ ಅರ್ಧ ಲೋಟ ಕೊಟ್ಟಿರಿ. ಯಾವ ಹಣ್ಣು, ಎಲ್ಲಿಯದು ಎಂದು ಕೇಳದೆ ನಾನೂ ಕುಡಿದೆ, ಸಕ್ಕರೆ ಸರಿಯಾಗಿದೆ ಎಂದು ಹೊಗಳಿಯೂ ಬಿಟ್ಟೆ. ಸಂಜೆ ಪಕ್ಕದ ಶೆಡ್ಡಿನಿಂದ ಹುಲಿಗೆಮ್ಮ ಗೋಡೆಯ ಮೇಲೆ ತಲೆ ಹಾಕಿ, "ಅಮ್ಮಾ, ನಿಂಬಿಹಣ್ಣು ತಗದೀರಲ್ರೀ! ನಾನಿನ್ನೂ ಸ್ಕ್ರೂ ಮುಟ್ಟೇ ಇಲ್ಲ, ಅವು ತಾವ ಹೆಂಗ ಬಿಗಿ ಆದ್ವು?" ಎಂದಾಗಲೇ ನಮ್ಮ ಮೂವರ ಹೊಟ್ಟೆಯಲ್ಲಿ ಏನಿದೆ ಎಂದು ನನಗೆ ಗೊತ್ತಾದದ್ದು.

ಆ ಹಣ್ಣು ಅಲ್ಲಿ ಯಾಕಿತ್ತು ಎಂಬುದನ್ನು ಬಾಯಿಂದ ಹೇಳಲು ಹೋದರೆ ನನಗೆ ಮಧ್ಯದಲ್ಲಿ ನಗು ಬರುತ್ತದೆ, ನಗು ನಿಲ್ಲುವಷ್ಟರಲ್ಲಿ ನಿಮ್ಮಮ್ಮ ಏನಾದರೂ ಕೆಲಸಕ್ಕೆ ಕರೆಯುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಕವಿತಾಳದ ಹತ್ತಿರದ ಹಳ್ಳಿಯಲ್ಲಿ ಏಳನೆಯ ತರಗತಿ ಓದಿದ ನಿಮ್ಮ ಅಜ್ಜಿಯ ಬರಹ. ತಪ್ಪಿದ್ದರೆ ಪವನ ತಿದ್ದಲಿ, ಆದರೆ ಕೆಂಪು ಪೆನ್ನಿನಲ್ಲಿ ಬೇಡ.

ನಿಂಬೆಹಣ್ಣಿನ ಕತೆ ಎಂದರೆ ಟಪಟಪ ಸರ್ ಕತೆ. ನೀವಿಬ್ಬರೂ ಬೇಸಿಗೆ ರಜೆಗೆ ಬಂದಾಗ ಅವರನ್ನು ಕಂಡಿದ್ದೀರಿ, ಆದರೆ ಚಿಕ್ಕವರಿದ್ದಿರಿ. ಅವರ ಹೆಸರನ್ನು ನಾನು ಅವರು ಬದುಕಿದ್ದಾಗಲೇ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಹೇಳಲು ಇನ್ನೂ ನಾಚಿಕೆ.

ಶಕ್ತಿನಗರದ ಕರೆಂಟಿನ ಕಾರ್ಖಾನೆಯಲ್ಲಿ ದೊಡ್ಡ ಯಂತ್ರಗಳ ಬೇರಿಂಗ್ ನೋಡಿಕೊಳ್ಳುವ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ರಾಯಚೂರಿಗೆ ಬಂದು ನಮ್ಮ ಪಕ್ಕದ ತಗಡಿನ ಶೆಡ್ಡಿನಲ್ಲಿ ಬಾಕ್ಸಿಂಗ್ ಕಲಿಸಲು ಶುರು ಮಾಡಿದರು. ಕಡ್ಡಿಯಂತಹ ಮೈ, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರ್. ಅವರು ಬಾಕ್ಸರ್ ಎಂದರೆ ನಂಬುವುದು ಕಷ್ಟವಿತ್ತು. ಹರೆಯದಲ್ಲಿ ಒಂದೇ ಒಂದು ಸಲ ಅವರು ಪಂದ್ಯಕ್ಕೆ ಇಳಿದಿದ್ದರಂತೆ. ಅದನ್ನು ಅವರೇ ದೊಡ್ಡ ದನಿಯಲ್ಲಿ ಹೇಳಿಕೊಳ್ಳುತ್ತಿದ್ದರು: "ಒಂದ ಏಟಿಗೆ ಅಂಗಾತ ಬಿದ್ದೆ ನೋಡ್ರಿ. ಬಿದ್ದಾಗ ಮ್ಯಾಲ ಫ್ಯಾನು ಕಂಡಿತು. ರೆಫರಿ ಎಣಸಾಕತ್ತಿದ್ದ, ನಾ ಅಂದೆ, ಎಣಸೋದು ಬಿಡಪಾ, ಆ ಫ್ಯಾನಿಂದು ಬೇರಿಂಗ್ ಹೋಗೇತಿ, ಮೊದಲ ಎಲ್ಲಾರನ್ನೂ ಕೆಳಗಿಂದ ಎಬ್ಬಸು!" ಆಮೇಲೆ ಅವರು ಫ್ಯಾನು ಬಿಚ್ಚಿ ಸರಿಮಾಡಿಕೊಟ್ಟೇ ಮನೆಗೆ ಹೋದರಂತೆ. ಸೋತದ್ದರ ನೆನಪು ಅವರಿಗೆ ಇರಲಿಲ್ಲ, ಫ್ಯಾನಿನದು ಇತ್ತು.

ಅವರ ಕಿವಿ ಮಂದ. "ನಮ್ಮಪ್ಪಂದು ಆಸ್ತಿ ಎಲ್ಲಾ ಅಕ್ಕಗ ಹೋತು, ಕಿವಿ ನನಗ ಬಂತು" ಎಂದು ನಗುತ್ತಿದ್ದರು. ಅದು ನಗುವ ಮಾತಲ್ಲ, ನಿಜವೇ ಆಗಿತ್ತು. ಶೆಡ್ಡು ದೇವದುರ್ಗದಲ್ಲಿದ್ದ ಅವರ ಅಕ್ಕನದು. ಕಿವಿ ಮಂದವಾದ್ದರಿಂದ ತಮ್ಮ ಪಿಸುಮಾತು ಎಷ್ಟು ದೊಡ್ಡದು ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಅವರು ಗುಟ್ಟು ಹೇಳಿದರೆ ಆಟೋ ಸ್ಟ್ಯಾಂಡಿನವರು ಅಭಿಪ್ರಾಯ ಕೊಡುತ್ತಿದ್ದರು.

ಶೆಡ್ಡಿನಲ್ಲಿ ದೊಡ್ಡ ದೊಡ್ಡ ಮೂಟೆಗಳಂತಹ ಚೀಲಗಳಿದ್ದವು. ಅವುಗಳ ಮೇಲೆ ಸರ್‌ಗೆ ಅಂಥ ಪ್ರೀತಿ ಇರಲಿಲ್ಲ. ಅವರ ಜೀವ ಇದ್ದದ್ದು ಒಂದು ಸಣ್ಣ ಚೀಲದಲ್ಲಿ. ಸ್ಪೀಡ್ ಬ್ಯಾಗ್ ಅನ್ನುತ್ತಾರೆ. ನೋಡಲು ತೊಗಲಿನ ಬದನೆಕಾಯಿ. ತಲೆಯ ಎತ್ತರದಲ್ಲಿ ದುಂಡನೆಯ ಹಲಗೆ, ಅದರ ಕೆಳಗೆ ತಿರುಗಣಿ, ತಿರುಗಣಿಯ ಕೊಕ್ಕೆಗೆ ಈ ಬದನೆಕಾಯಿ. ಗುದ್ದಿದರೆ ಹಿಂದಕ್ಕೂ ಮುಂದಕ್ಕೂ ಹಲಗೆಗೆ ಬಡಿದು ಟಪಟಪ ಎನ್ನುತ್ತದೆ. ಕೈ ಚುರುಕಾಗಲು ಅದೇ ಬೇಕಂತೆ. ಬೆಳಿಗ್ಗೆ ನಾನು ರೊಟ್ಟಿ ಬಡಿಯುವ ಹೊತ್ತಿಗೇ ಅಲ್ಲಿ ಅದೂ ಶುರುವಾಗುತ್ತಿತ್ತು. ಕೆಲವೊಮ್ಮೆ ನನ್ನ ರೊಟ್ಟಿ ಮುಂದೆ ಹೋಗುತ್ತಿತ್ತು, ಕೆಲವೊಮ್ಮೆ ಅವರ ಬದನೆಕಾಯಿ.

ತಿರುಗಣಿಯನ್ನು ಸರ್ ಸ್ವಿವೆಲ್ ಎನ್ನುತ್ತಿದ್ದರು. ಮುಷ್ಟಿಯಲ್ಲಿ ಅಡಗುವಷ್ಟೇ ಇದೆ ಅದು. ಮೇಲೆ ಹಲಗೆಗೆ ಸ್ಕ್ರೂ ಹಾಕುವ ತಟ್ಟೆ, ಒಳಗೆ ಸಣ್ಣ ಬಟ್ಟಲು, ಬಟ್ಟಲಲ್ಲಿ ಗುಂಡು, ಗುಂಡಿಗೆ ಕೊಕ್ಕೆ. ದಿನವೂ ಅಷ್ಟು ಏಟು ತಿಂದರೆ ಗುಂಡು ಒಂದು ಮಗ್ಗುಲಿಗೆ ಸವೆಯುತ್ತದೆ, ಸ್ಕ್ರೂ ಸಡಿಲವಾಗುತ್ತವೆ, ಕೊಕ್ಕೆ ತೆಳ್ಳಗಾಗುತ್ತದೆ. ಹಳೆಯ ಕೊಕ್ಕೆಯೊಂದನ್ನು ಅವರು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು. ನಾನು ಬಹಳ ವರ್ಷ ಹಾಕಿಕೊಂಡ ಕಾಲುಂಗುರವೂ ಕೊನೆಗೆ ಹಾಗೇ ಆಗಿತ್ತು, ನೆಲ ತಾಗುವ ಕಡೆ ದಾರದಂತೆ.

ಹುಡುಗರು ಗುದ್ದುವುದು ತಪ್ಪಿದರೆ ಸರ್ ಏನೂ ಅನ್ನುತ್ತಿರಲಿಲ್ಲ. ತಿರುಗಣಿಗೆ ಎಣ್ಣೆ ಹೆಚ್ಚಾದರೆ ಶೆಡ್ಡು ನಡುಗುತ್ತಿತ್ತು. "ಎಣ್ಣಿ ಕಣ್ಣಿಗೆ ಕಾಡಿಗಿ ಹಚ್ಚಿದಂಗ ಹಚ್ಚಬೇಕಲೇ! ನೆತ್ತಿ ಮ್ಯಾಲ ಸುರಕೊಂಡಂಗ ಅಲ್ಲ! ಹೆಚ್ಚಾಗಿದ್ದು ಮಾರಿಗೆ ಹಾರ್ತದ, ಉಳಿದಿದ್ದು ಧೂಳು ಕರೀತದ!" ಎನ್ನುತ್ತಿದ್ದರು. ಮೊದಲು ಸೀಮೆಎಣ್ಣೆ ಬಟ್ಟೆಯಿಂದ ಒರೆಸಬೇಕು, ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಆಮೇಲೆ ಮತ್ತೆ ಒರೆಸಬೇಕು. ಇಷ್ಟು ನನಗೆ ಅಡಿಗೆಮನೆಯಲ್ಲಿ ಕೂತೇ ಬಾಯಿಪಾಠವಾಗಿತ್ತು.

ಈಗ ನೀವು ಕೇಳುತ್ತೀರಿ, ಕಿವಿ ಕೇಳದವರಿಗೆ ತಿರುಗಣಿ ಕಿರ್ರ್ ಅನ್ನುವುದು ಹೇಗೆ ತಿಳಿಯುತ್ತಿತ್ತು ಎಂದು. ಹಲ್ಲಿನಿಂದ! ಹುಡುಗರಿಗೆ ಗುದ್ದಲು ಹೇಳಿ, ಸ್ಟೂಲಿನ ಮೇಲೆ ಹತ್ತಿ, ಸ್ಕ್ರೂಡ್ರೈವರಿನ ತುದಿಯನ್ನು ಹಲಗೆಗೆ ಒತ್ತಿ, ಹಿಡಿಯನ್ನು ಹಲ್ಲಿನಿಂದ ಕಚ್ಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಿರಿಕಿರಿ ಇದ್ದರೆ ಅದು ಹಲ್ಲಿಗೆ ಹತ್ತಿ ತಲೆಗೆ ಹೋಗುತ್ತಿತ್ತಂತೆ. ದಾರಿಯಲ್ಲಿ ಹೋಗುವವರು ನೋಡಿ, ಪಾಪ, ಸಣ್ಣ ಹುಡುಗರ ಕೈಯಲ್ಲಿ ಏಟು ತಿಂದು ಮುದುಕರು ನೋವಿಗೆ ಕಟ್ಟಿಗೆ ಕಚ್ಚಿದ್ದಾರೆ ಎಂದುಕೊಳ್ಳುತ್ತಿದ್ದರು.

ಆದರೆ ಒಂದು ವರ್ಷ ಅವರ ಹಲ್ಲುಗಳು ಹೋದವು. ಹೊಸ ಹಲ್ಲಿನ ಸೆಟ್ ಬಂತು. ಸರ್ ಎಂದಿನಂತೆ ಸ್ಕ್ರೂಡ್ರೈವರ್ ಕಚ್ಚಿದರು. ಒಳಗೆ ಗಡಗಡ ಗಡಗಡ! ತಿರುಗಣಿ ಪೂರಾ ಹಾಳಾಗಿದೆ ಎಂದು ಬಿಚ್ಚಿದರು, ಒರೆಸಿದರು, ಬಿಗಿದರು, ಮತ್ತೆ ಕಚ್ಚಿದರು, ಮತ್ತೆ ಗಡಗಡ. ಕೊನೆಗೆ ಹುಲಿಗೆಮ್ಮನೇ ಹೇಳಬೇಕಾಯಿತು, "ಸರ್ರಾ, ಸಪ್ಪಳ ಸ್ವಿವೆಲಿಂದಲ್ರೀ, ನಿಮ್ಮ ಸೆಟ್ಟಿಂದು." ಹುಲಿಗೆಮ್ಮ ಮಾನ್ವಿ ಕಡೆಯ ಚೀಕಲಪರ್ವಿಯ ಹುಡುಗಿ. ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಳು. ಸರ್ ಹತ್ತಿರ ಕಲಿತವರಲ್ಲಿ ಅವಳ ಕೈ ಎಲ್ಲರಿಗಿಂತ ಚುರುಕು, ಬಾಯಿ ಅದಕ್ಕಿಂತ ಚುರುಕು.

ಹಲ್ಲು ಹೋದ ಮೇಲೆ ಸರ್‌ಗೆ ತಿರುಗಣಿಯ ಸುದ್ದಿ ತಿಳಿಯದಂತಾಯಿತು. ಹುಡುಗರನ್ನು ಕೇಳಿದರೆ, ಬಿಚ್ಚಿ ಕಟ್ಟಲು ಹೊತ್ತು ಹೋಗುತ್ತದೆ ಎಂದು "ಚೊಲೋ ಅದ ಸರ್ರಾ" ಎನ್ನುತ್ತಿದ್ದರು. ಹೀಗೇ ಒಂದು ದಿನ ಸವೆದ ಕೊಕ್ಕೆ ತುಂಡಾಯಿತು. ನಾನು ಹಿತ್ತಿಲಲ್ಲಿ ಕೂತು ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದೆ. ಗೋಡೆಯಾಚೆಯಿಂದ ಏನೋ ಹಾರಿ ಬಂದು ನನ್ನ ಮೊರದಲ್ಲಿ ಬಿತ್ತು. ನೋಡಿದರೆ ಕಪ್ಪಗೆ, ನುಣ್ಣಗೆ, ಇಷ್ಟು ದೊಡ್ಡ ಬದನೆಕಾಯಿ! ಇದು ಯಾವೂರ ತಳಿ ಎಂದು ಒಂದು ಗಳಿಗೆ ಚಾಕು ಹಿಡಿದುಕೊಂಡು ಯೋಚಿಸಿದೆ.

ಕೂಗಿ ಕೊಡಲು ನನಗೆ ನಾಚಿಕೆ. ನಿಮ್ಮ ಅಜ್ಜ ಹೋದ ಮೇಲೆ ನಾನು ಹೊರಗಿನವರೊಂದಿಗೆ ಮಾತಾಡುವುದೇ ಇಲ್ಲವಾಗಿತ್ತು. ಇದ್ದಾಗಲೂ ಅವರೇ ಇಬ್ಬರ ಪಾಲಿನದೂ ಆಡುತ್ತಿದ್ದರು. ಸೆರಗು ಎಳೆದುಕೊಂಡು ಹೋಗಿ ಚೀಲವನ್ನು ಗೋಡೆಯ ಮೇಲೆ ಕೂಡಿಸಿ ಓಡಿ ಬಂದೆ.

"ಅಮ್ಮಾರ, ಬದನಿಕಾಯಿ ಮುಟ್ಟಿತ್ರೀ!" ಎಂದು ಸರ್ ಇಡೀ ಓಣಿಗೆ ಕೇಳುವಂತೆ ಹೇಳಿದರು. ಆಮೇಲೆ ಗೋಡೆಯ ಹತ್ತಿರ ಬಂದು, "ನಿಮಗ ಅಡಿಗಿಮನ್ಯಾಗ ಇದರ ಸಪ್ಪಳ ಕೇಳಸ್ತದೇನ್ರೀ?" ಎಂದರು. ನಾನು ತಲೆ ಆಡಿಸಿದೆ. "ಹಂಗಾದ್ರ ಕೆಟ್ಟಾಗ ಒಂದೀಟು ಹೇಳ್ರಿ." ನಾನು ತಲೆ ಅಡ್ಡ ಆಡಿಸಿದೆ. ಅವರಿಗೆ ಅರ್ಥವಾಯಿತು. "ಹೇಳಬ್ಯಾಡ್ರಿ. ಇದ ಗ್ವಾಡಿ ಮ್ಯಾಲ ಏನರೆ ಇಡ್ರಿ. ನಮ್ಮ ಕಂಟ್ರೋಲ್ ರೂಮಿನ್ಯಾಗೂ ಯಾರೂ ಬಾಯಿ ಬಿಡ್ತಿದ್ದಿಲ್ಲ, ಏನರೆ ಕೆಟ್ರ ಕೆಂಪು ಬತ್ತಿ ಹತ್ತತಿದ್ವು ಅಷ್ಟ."

ಹಾಗೆ ಶುರುವಾದದ್ದು. ತಿರುಗಣಿ ಒಣಗಿ ಕಿರ್ರ್ ಎಂದರೆ ಒಣಮೆಣಸಿನಕಾಯಿ. ಸ್ಕ್ರೂ ಸಡಿಲವಾಗಿ ಹಲಗೆ ಗಡಗಡ ಎಂದರೆ ನಿಂಬೆಹಣ್ಣು, ಯಾಕೆಂದರೆ ಅದೂ ಒಂದು ಕಡೆ ನಿಲ್ಲುವುದಿಲ್ಲ. ಕೊಕ್ಕೆಯ ಸದ್ದು ಬದಲಾದರೆ ಬದನೆಕಾಯಿ. ಸರ್ ಬೆಳಿಗ್ಗೆ ಬಂದ ಕೂಡಲೇ ಗೋಡೆ ನೋಡಿ ಕೆಲಸ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ವಸ್ತುವನ್ನು ನಮ್ಮ ಕಡೆಗೆ ಸರಿಸಿ ಇಡುತ್ತಿದ್ದರು. ನಾನು ತೆಗೆದು ಅದನ್ನೇ ಸಾರಿಗೆ ಹಾಕುತ್ತಿದ್ದೆ. ಎಷ್ಟೋ ಕಾಲ ಹೀಗೆ ನಡೆಯಿತು, ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ರಜೆಗೆ ಬಂದಾಗ ನಿಮ್ಮಮ್ಮ ಮಾತ್ರ, "ಅತ್ತಿ, ನಮ್ಮನಿ ತರಕಾರಿ ಯಾಕ ದಿನಾ ಬಿಸಿಲು ಕಾಯಸ್ತೀರಿ?" ಎಂದು ಕೇಳುತ್ತಿದ್ದಳು.

ಒಂದು ಸಲ ಮಹಾನವಮಿಗೆ ಮುಂಚೆ ಸರ್ ಗುಟ್ಟಾಗಿ ಹುಲಿಗೆಮ್ಮನಿಗೆ ಹೇಳಿದ್ದನ್ನು ನಾನೂ, ಓಣಿಯವರೂ ಕೇಳಿಸಿಕೊಂಡೆವು. ದೇವದುರ್ಗದ ಅಕ್ಕ ಬರುತ್ತಾರೆ. ಶೆಡ್ಡಿನ ಸದ್ದಿನ ಬಗ್ಗೆ ಯಾರೋ ಅವರಿಗೆ ದೂರು ಮುಟ್ಟಿಸಿದ್ದಾರೆ. ಶೆಡ್ಡನ್ನು ಹಿಟ್ಟಿನ ಗಿರಣಿಗೆ ಕೊಡುವ ವಿಚಾರ ಅವರಿಗಿದೆ. ಹಬ್ಬದ ದಿನ ಕಣ್ಣಾರೆ ನೋಡಿ ತೀರ್ಮಾನ ಮಾಡುತ್ತಾರೆ. "ಶೆಡ್ಡು ಹೋದ್ರ ನಾ ಮುಂಜಾನೆ ಎದ್ದು ಯಾರ ಮಾರಿ ನೋಡ್ಲಿ?" ಎಂದು ಕೊನೆಯಲ್ಲಿ ಹೇಳಿದ್ದು ಮಾತ್ರ ನಿಜವಾಗಿಯೂ ಸಣ್ಣ ದನಿಯಲ್ಲಿತ್ತು. ಹುಲಿಗೆಮ್ಮನಿಗೆ ಪಂದ್ಯದ ಆಯ್ಕೆ ಹತ್ತಿರ ಬಂದಿತ್ತು; ಗುದ್ದಲು ಬೇರೆ ಜಾಗ ಇರಲಿಲ್ಲ.

ಆ ದಿನಗಳಲ್ಲೇ ತಿರುಗಣಿ ಕಿರ್ರ್ ಎನ್ನುತ್ತಲೂ ಇತ್ತು, ಗಡಗಡ ಎನ್ನುತ್ತಲೂ ಇತ್ತು. ಹಬ್ಬದ ಹಿಂದಿನ ದಿನ ನಾನು ಖಾರ ಕುಟ್ಟುತ್ತಿದ್ದೆ. ಮರೆತೀನು ಎಂದು ಎದ್ದು ಹೋಗಿ, ಅದೇ ಕೈಯಲ್ಲಿ ಒಂದು ನಿಂಬೆಹಣ್ಣು, ಪಕ್ಕದಲ್ಲಿ ಮೆಣಸಿನಕಾಯಿ ಇಟ್ಟು ಬಂದೆ. ಹಣ್ಣಿನ ಮೇಲೆ ನನ್ನ ಬೆರಳುಗಳು ಕೆಂಪಗೆ ಮೂಡಿದ್ದನ್ನು ನಾನು ನೋಡಲಿಲ್ಲ.

ಬಸ್ಸು ಇಳಿದು ಬಂದ ಅಕ್ಕ ನೋಡಿದರು.

ಅಕ್ಕ ಎತ್ತರದ ಹೆಂಗಸು. ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ಸಂಚಿ. ಗೇಟಿನಲ್ಲಿಯೇ ನಿಂತುಬಿಟ್ಟರು. ನಾನು ಅಡಿಗೆಮನೆಯ ಕಿಟಕಿಯಿಂದ ಎಲ್ಲ ಕೇಳುತ್ತಿದ್ದೆ.

"ಲೇ ತಮ್ಮಾ, ಗ್ವಾಡಿ ಮ್ಯಾಲ ಏನದು?"

"ಅದಾ? ಬಾಜೂಮನಿ ಅಮ್ಮಾರು ಇಡ್ತಾರಕ್ಕಾ."

"ಯಾವಾಕಿ?"

"ಪಾಪ, ಗಂಡ ತೀರ್ಕೊಂಡಾನ. ಯಾರ ಕೂಡಾನೂ ಮಾತಾಡಂಗಿಲ್ಲ. ಸುಮ್ಮನ ಬಂದು ಇಟ್ಟು ಹೋಗ್ತಾರ. ನಾನ ಇಡ್ರಿ ಅಂತ ಹೇಳೀನಿ."

"ನೀನ ಹೇಳೀಯಾ!"

"ಹೂಂ. ಅವರು ಇಟ್ಟಿದ್ದು ನೋಡಿದ ಮ್ಯಾಲನ ನಾ ಇವತ್ತು ಏನು ಮಾಡ್ಬೇಕು ಅಂತ ತಿಳೀತದ."

ಅಕ್ಕ ಅಲ್ಲೇ ಕುಸಿದು ಕೂತರು. ಸರ್ ಇನ್ನೂ ಸಂತೋಷದಿಂದ, "ಒಮ್ಮೊಮ್ಮೆ ಬದನಿಕಾಯಿನೂ ಇಡ್ತಾರ!" ಎಂದರು.

ಮಕ್ಕಳೇ, ಒಬ್ಬ ಮನುಷ್ಯ ಒಂದೂ ಸುಳ್ಳು ಹೇಳದೆ ಇಷ್ಟು ಕೆಡಿಸಬಹುದು ಎಂದು ನನಗೆ ಅಂದು ತಿಳಿಯಿತು. ನಾನು ಮಾಟಗಾತಿ ಎನಿಸಿಕೊಂಡು ಕಿಟಕಿಯ ಹಿಂದೆ ನಿಂತಿದ್ದೆ. ಹೊರಗೆ ಹೋಗಿ ಹೇಳಬೇಕು, ಕಾಲು ಹೋಗಲಿಲ್ಲ.

ಅಕ್ಕ ಸುಮ್ಮನೆ ಕೂಡುವವರಲ್ಲ. ಮರುದಿನ ಆಯುಧಪೂಜೆ. ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು ಪುಡಿ ಮಾಡಿ, ಸ್ಟೂಲು ಹತ್ತಿ, ತಿರುಗಣಿಯ ಮೈತುಂಬ ಮೆತ್ತಿದರು. ಅದರ ಮೇಲೆ ಕುಂಕುಮ. ಅದರ ಮೇಲೆ, ಶಾಂತಿಯಾಗಲಿ ಎಂದು, ದೀಪದ ಬುಡ್ಡಿಯಿಂದ ಕುಸುಬೆ ಎಣ್ಣೆ ಸುರಿದರು. ಸರ್ ತಡೆಯಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು. ತಾಯಿಯಿಲ್ಲದ ಅವರನ್ನು ಸಾಕಿದ್ದು ಆ ಅಕ್ಕನೇ. ಅಕ್ಕನ ಎದುರು ಅವರು ಸ್ಕ್ರೂಡ್ರೈವರನ್ನೂ ಬೆನ್ನ ಹಿಂದೆ ಹಿಡಿದುಕೊಳ್ಳುತ್ತಿದ್ದರು.

"ಈಗ ಹೊಡಿಯವ್ವಾ, ನೋಡೂಣು" ಎಂದು ಅಕ್ಕ ಕುರ್ಚಿ ಹಾಕಿಸಿಕೊಂಡು ಕೂತರು.

ಹುಲಿಗೆಮ್ಮ ಕೈಗೆ ಪಟ್ಟಿ ಸುತ್ತಿಕೊಂಡು ಗುದ್ದಿದಳು. ತಿರುಗಣಿ ಚೀರಿತು. ಬರೀ ಕಿರ್ರ್ ಅಲ್ಲ. ನಮ್ಮೂರಿಗೆ ಹಂದಿ ಹಿಡಿಯುವವರು ಬಂದಾಗ ಅಂಥ ಸದ್ದು ಕೇಳಿದ್ದೆ. ವಿಭೂತಿಯೂ ಎಣ್ಣೆಯೂ ಕಲೆತು ಗುಂಡನ್ನು ಹಲ್ಲುಪುಡಿಯಂತೆ ತಿಕ್ಕುತ್ತಿತ್ತು. ಗುದ್ದಿಗೊಮ್ಮೆ ಕೆಂಪು ಎಣ್ಣೆ ಹನಿ ಹುಲಿಗೆಮ್ಮನ ಮುಖಕ್ಕೆ ಸಿಡಿಯಿತು. ಓಣಿಯ ಜನ ಗೇಟಿಗೆ ಬಂದು ಸೇರಿದರು, ನಾಯಿಗಳು ಬೊಗಳಿದವು. ಸರ್ ಮಾತ್ರ ಕೈ ಕಟ್ಟಿಕೊಂಡು, ಹೊಸ ಹಲ್ಲುಗಳನ್ನೆಲ್ಲ ತೋರಿಸಿ ನಗುತ್ತಿದ್ದರು.

"ನೋಡಕ್ಕಾ, ಬೆಣ್ಣಿ! ಒಂದೀಟರೆ ಸಪ್ಪಳ ಅದ ಏನು?"

"ಸಪ್ಪಳ ಇಲ್ಲಾ? ಲೇ ತಮ್ಮಾ, ದೆವ್ವ ಚೀರಾಕತ್ತದೋ!"

"ಹಾಂ?"

"ದೆವ್ವಾ!"

"ಹೌದೌದು. ಬಾಳ ಜೋರದಾಳ ಹುಡುಗಿ."

ಅಕ್ಕ ಎದ್ದು ನಿಂತರು. "ಸಾಕು. ಮಾಟ ಹತ್ತಿದ ಶೆಡ್ಡು ಇದು. ವಿಭೂತಿಗೂ ಬಗ್ಗವಲ್ದು. ನಾಳೆನ ಗಿರಣಿಯವಗ ಕೀಲಿಕೈ ಕೊಡ್ತೀನಿ." ಈ ಮಾತು ಅವರು ಸರ್ ಕಿವಿಯ ಹತ್ತಿರವೇ ಹೇಳಿದರು. ಸರ್ ನಗು ಆರಿತು. ಅಂಗಿಯ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ನೋಡಿ, ಮತ್ತೆ ಒಳಗಿಟ್ಟರು. ಆ ಕೈ ಮಾಡಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಹುಲಿಗೆಮ್ಮ ಕೆಂಪು ಮುಖ ಹೊತ್ತು ನಮ್ಮ ಕಿಟಕಿ ಕಡೆ ತಿರುಗಿ, "ಅಮ್ಮಾ, ನೀವರೆ ಬಾಯಿ ಬಿಡ್ರಿ!" ಎಂದಳು.

ಹೋದೆ. ರೊಟ್ಟಿಹಿಟ್ಟು ಹತ್ತಿದ ಕೈಯಲ್ಲೇ ಹೋದೆ. ಗೋಡೆಯ ಹತ್ತಿರ ಅಲ್ಲ, ಮುಂದಿನ ಗೇಟಿನಿಂದ, ನೆರೆದ ಜನರ ನಡುವೆ. ಮೆಲ್ಲಗೆ ಹೇಳಬೇಕೆಂದೇ ಇದ್ದೆ. ಆದರೆ ಅಷ್ಟು ವರ್ಷ ಒಳಗೇ ಇದ್ದ ದನಿ, ಅದಕ್ಕೆ ಅಳತೆ ತಿಳಿಯಲಿಲ್ಲ.

"ಅದು ಮಾಟ ಅಲ್ರೀ! ಸ್ಕ್ರೂ ಸಡ್ಲ ಆಗ್ಯಾವ! ಒಳಗ ನಿಮ್ಮ ವಿಭೂತಿ ಹೊಕ್ಕಾದ! ಸೀಮೆಎಣ್ಣಿಲೆ ಒರಸಿ, ಒಂದ ಹನಿ ಮಷಿನ್ ಎಣ್ಣಿ ಹಾಕ್ರಿ! ಕಾಡಿಗಿ ಹಚ್ಚಿದಂಗ!"

ಬೊಗಳುತ್ತಿದ್ದ ನಾಯಿಗಳು ಓಡಿಹೋದವು. ಸರ್ ನನ್ನನ್ನು ನೋಡಿದರು, ಹುಲಿಗೆಮ್ಮನನ್ನು ನೋಡಿದರು, ಆಮೇಲೆ ಅಕ್ಕನಿಗೆ ಆಶ್ಚರ್ಯದಿಂದ ಹೇಳಿದರು:

"ಅಕ್ಕಾ, ನನಗ ಕೇಳಿಸ್ತು!"

ಮುಂದಿನದು ಬೇಗ ಆಯಿತು. ಸರ್ ಸ್ಟೂಲು ಹತ್ತಿ ತಿರುಗಣಿ ಬಿಚ್ಚಿದರು. ಬಟ್ಟಲಿನಿಂದ ಬೂದಿ ಬಣ್ಣದ ಕೆಸರು ಹೊರಬಂತು. ಅಕ್ಕ ಅದನ್ನು ಬೆರಳಿಗೆ ಹತ್ತಿಸಿಕೊಂಡು ಮೂಸಿ, "ನಂದ ವಿಭೂತಿ" ಎಂದು ಸಣ್ಣಗೆ ಒಪ್ಪಿಕೊಂಡರು. ಗೋಡೆಯ ನಿಂಬೆಹಣ್ಣು, ಮೆಣಸಿನಕಾಯಿಯ ಲೆಕ್ಕವನ್ನು ಹುಲಿಗೆಮ್ಮ ವಿವರಿಸಿದಳು. ನಾನು ಆಡಬೇಕಾದದ್ದನ್ನು ಆಡಿ ಮುಗಿಸಿದ್ದೆ. ಸೆರಗು ಬಾಯಿಗೆ ಹಿಡಿದುಕೊಂಡು ನಿಂತಿದ್ದೆ. ಸರ್ ಒರೆಸಿ, ಹನಿ ಹಾಕಿ, ಮತ್ತೆ ಒರೆಸಿ, ಸ್ಕ್ರೂ ಬಿಗಿದು ಕೆಳಗಿಳಿದರು. ಹುಲಿಗೆಮ್ಮ ಗುದ್ದಿದಳು.

ಟಪಟಪ, ಟಪಟಪ. ಬೇರೆ ಒಂದು ಸದ್ದಿಲ್ಲ.

ಅಕ್ಕ ಬಹಳ ಹೊತ್ತು ಕೇಳುತ್ತ ಕೂತರು. ಅವರ ಬಲಗೈ ತೊಡೆಯ ಮೇಲೆ ತಾನಾಗಿಯೇ ಆಡತೊಡಗಿತ್ತು, ರೊಟ್ಟಿ ಬಡಿಯುವಾಗಿನಂತೆ. ಆಮೇಲೆ ನನ್ನನ್ನು ಕರೆದರು. "ಯವ್ವಾ, ಇವಂಗ ಕಿವಿ ಇಲ್ಲ, ಈಗ ಹಲ್ಲೂ ಇಲ್ಲ. ನಿನ್ನ ನಂಬಿ ಶೆಡ್ಡು ಬಿಡ್ತೀನಿ. ವರ್ಷಾ ಮಹಾನವಮಿಗೆ ಬರ್ತೀನಿ. ನಾ ಬಂದಾಗ ಗ್ವಾಡಿ ಮ್ಯಾಲ ಏನರೆ ಕಂಡ್ರ, ಇದನ್ನ ಕಾಯೋರು ಅದಾರ ಅಂತ ತಿಳೀತೀನಿ. ಖಾಲಿ ಇತ್ತಂದ್ರ ಗಿರಣಿ."

ಆ ಮಾತು ಹಾಗೇ ನಡೆದುಬಂದಿದೆ. ಕೆಟ್ಟಿರಲಿ ಬಿಡಲಿ, ಹಬ್ಬಕ್ಕೆ ಮುಂಚೆ ಗೋಡೆಯ ಮೇಲೆ ಒಂದು ನಿಂಬೆಹಣ್ಣು ಕೂಡುತ್ತದೆ. ಸರ್ ಅದನ್ನು ನೋಡಿ, ಬಿಗಿಯಾಗಿದ್ದ ಸ್ಕ್ರೂಗಳನ್ನೇ ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದರು, ಕೆಂಪು ಬತ್ತಿ ಹತ್ತಿದ ಮೇಲೆ ನೋಡದೆ ಇರಬಾರದು ಎಂದು.

ಹೋದ ಬೇಸಿಗೆಯಲ್ಲಿ ಸರ್ ಹೋದರು. ಬೆಳಿಗ್ಗೆ ಟಪಟಪ ಶುರುವಾಗುವ ಹೊತ್ತಿಗೆ, ಕುರ್ಚಿಯಲ್ಲಿ ಕೂತಲ್ಲೇ, ಜೇಬಿನ ಸ್ಕ್ರೂಡ್ರೈವರ್ ಜೇಬಿನಲ್ಲೇ. ಈಗ ಹುಲಿಗೆಮ್ಮ ಕಲಿಸುತ್ತಾಳೆ. ಅವಳ ಕಿವಿ ಚೆನ್ನಾಗಿದೆ, ಹಲ್ಲೂ ಗಟ್ಟಿಯಾಗಿವೆ, ನನ್ನ ಮೆಣಸಿನಕಾಯಿ ಅವಳಿಗೆ ಬೇಕಿಲ್ಲ. ಆದರೂ ಬೆಳಿಗ್ಗೆ ಬಂದವಳು ಮೊದಲು ಗೋಡೆ ನೋಡುತ್ತಾಳೆ. ನಾನೂ ಒಮ್ಮೊಮ್ಮೆ ಏನೂ ಕೆಡದಿದ್ದರೂ ಇಡುತ್ತೇನೆ. ಅವಳು ಬಿಚ್ಚಿ, ಒರೆಸಿ, ಕಟ್ಟುತ್ತಾಳೆ. ನಾವಿಬ್ಬರೂ ಆ ಬಗ್ಗೆ ಮಾತಾಡುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ದೇವದುರ್ಗದ ಅಕ್ಕನಿಗೆ ನಡೆಯಲು ಕೋಲು ಬೇಕು, ಆದರೆ ಕಣ್ಣು ಇನ್ನೂ ಚೆನ್ನಾಗಿದೆ. ತಮ್ಮನಿಲ್ಲದ ಮೊದಲ ಮಹಾನವಮಿಗೆ ನಾಳೆಯ ಬಸ್ಸಿಗೆ ಬರುತ್ತಾರಂತೆ. ಶರಬತ್ತು ಕುಡಿದದ್ದಕ್ಕೆ ನನಗೆ ಸಿಟ್ಟಿಲ್ಲ, ಚೆನ್ನಾಗಿಯೇ ಇತ್ತು. ಆದರೆ ಓದಿ ಮುಗಿಸಿದ ಕೂಡಲೇ ಅಕ್ಷತಾ ಹೋಗಿ ಅಂಗಡಿಯಿಂದ ಒಂದು ದೊಡ್ಡ ನಿಂಬೆಹಣ್ಣು ತಂದು ಗೋಡೆಯ ಮೇಲೆ ಇಡಲಿ.

ನಾನು ಈಗ ಖಾರ ಕುಟ್ಟಲು ಕೂತಿದ್ದೇನೆ. ಇಡುವ ಮುಂಚೆ ನನ್ನ ಹತ್ತಿರ ಬಂದು ಏನನ್ನೂ ಮುಟ್ಟಬೇಡ.